ಸನ್ಯಾಸಕ್ಕೂ ಒಂದು ಊರು ಬೇಕು

ಶಕವರ್ಷ 867, ಪ್ಲವಂಗ ಸಂವತ್ಸರ, ಭಾದ್ರಪದ ಅಮಾವಾಸ್ಯೆ, ಮಂಗಳವಾರ, ಸೂರ್ಯಗ್ರಹಣ. ಈಗಿನ ಲೆಕ್ಕದಲ್ಲಿ ಕ್ರಿ.ಶ. 945ರ ಸೆಪ್ಟೆಂಬರ್ 9. ಇಂಡಿ ತಾಲ್ಲೂಕಿನ ಸಾಲೋಟಗಿಗೆ ಆಗ ಪಾವಿಟ್ಟಗೆ ಎಂದು ಹೆಸರು. ಮಾನ್ಯಖೇಟದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ಆಳುತ್ತಿದ್ದ. ಅವನ ಮಂತ್ರಿ ನಾರಾಯಣ, ಗಜಾಂಕುಶನೆಂಬ ಇನ್ನೊಂದು ಹೆಸರಿನವನು, ಈ ಊರಿನಲ್ಲಿ ತ್ರೈಪುರುಷರ, ಅಂದರೆ ಬ್ರಹ್ಮ ವಿಷ್ಣು ಶಿವರ, ಸನ್ನಿಧಿಯಲ್ಲಿ ಒಂದು ಶಾಲೆ ಕಟ್ಟಿಸಿದ್ದ. ಗ್ರಹಣದ ಆ ದಿನ ಶಾಲೆಗೆ ಭೂಮಿ ಬಿಟ್ಟುಕೊಟ್ಟರು. ಬಿಟ್ಟದ್ದನ್ನು ಕಂಬದ ಮೇಲೆ ಕೊರೆಸಿದರು.

ಆ ಕಂಬದ ಶಾಸನವನ್ನು ಓದಿದವರಿಗೆಲ್ಲ ಮೊದಲು ಕಣ್ಣಿಗೆ ಬೀಳುವುದು ಅದರ ಲೆಕ್ಕ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳು ಉಳಿಯಲಿಕ್ಕೆ 27 ಮನೆಗಳು. ಶಾಲೆಗೆ 500 ನಿವರ್ತನ ಭೂಮಿ. ಕಲಿಸುವ ಗುರುವಿಗೆ 50 ನಿವರ್ತನ. ದೀಪದ ಖರ್ಚಿಗೆಂದೇ ಬೇರೆ 12 ನಿವರ್ತನ. ಹೊತ್ತು ಮುಳುಗಿದ ಮೇಲೂ ಓದು ನಡೆಯುತ್ತಿತ್ತು, ಎಣ್ಣೆ ಸುಡುತ್ತಿತ್ತು, ಆ ಎಣ್ಣೆಗೂ ಒಂದು ಹೊಲ ದುಡಿಯುತ್ತಿತ್ತು ಎನ್ನುವುದಕ್ಕೆ ಈ ಒಂದು ಅಂಕಿ ಸಾಕು. ಊರವರ ಪಾಲೂ ಅಲ್ಲಿ ನಮೂದಾಗಿದೆ. ಊರಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ ಕೊಡಬೇಕು. ಮುಂಜಿವೆಯಾದರೆ ಅದರ ಅರ್ಧ, ಜವಳ ತೆಗೆಸಿದರೆ ಅದರಲ್ಲೂ ಅರ್ಧ. ಊರಲ್ಲಿ ಬ್ರಾಹ್ಮಣ ಸಂತರ್ಪಣೆ ನಡೆದಾಗ ಶಾಲೆಯವರಿಗೂ ಎಡೆ ಹಾಕಬೇಕು. ಕಾಲಾಂತರದಲ್ಲಿ ಕಟ್ಟಡ ಬಿದ್ದುಹೋದಾಗ ಕಂಚಿಗ ಎಂಬ ನಾಯಕ ಮತ್ತೆ ಅದನ್ನು ಎತ್ತಿ ಕಟ್ಟಿಸಿದ. ಅದಕ್ಕೂ ಅಲ್ಲೇ ಕನ್ನಡದಲ್ಲಿ ಶಾಸನವಿದೆ.

ಸನ್ಯಾಸದ ಬಗ್ಗೆ ಬರೆಯಲು ಹೊರಟವನು ಶಾಲೆಯ ಖರ್ಚುವೆಚ್ಚ ಹಿಡಿದು ಕೂತದ್ದಕ್ಕೆ ಕಾರಣವಿದೆ. ತಪಸ್ಸೆಂದರೆ ಕಾಡು, ಗುಹೆ, ಹುತ್ತ, ಜಡೆ ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಹರಿಕಥೆ, ಬಯಲಾಟ, ಸಿನಿಮಾ ಎಲ್ಲವೂ ಅದನ್ನೇ ತೋರಿಸುತ್ತ ಬಂದಿವೆ. ಆದರೆ ಹಳೆಯ ಗ್ರಂಥಗಳನ್ನು, ಅದಕ್ಕಿಂತ ಹೆಚ್ಚಾಗಿ ನಮ್ಮ ಭಾಗದ ಶಾಸನಗಳನ್ನು ನೋಡುತ್ತ ಹೋದರೆ ಬೇರೆಯೇ ಸಂಗತಿ ಕಾಣುತ್ತದೆ. ಲೋಕ ಬಿಟ್ಟವನು ಊರು ಬಿಟ್ಟು ಬದುಕಿದ್ದು ತೀರ ಕಡಿಮೆ. ಅವನ ತುತ್ತು, ಬಟ್ಟೆ, ಮಳೆಗಾಲದ ನೆರಳು ಎಲ್ಲವೂ ಯಾವುದೋ ಹೊಲದಿಂದ, ಯಾರದೋ ಒಲೆಯಿಂದ ಬಂದವು. ಹಾಗೆ ಸಾಕಿದ ಊರು ಅವನಿಂದ ಏನನ್ನೋ ವಾಪಸು ಕೇಳುತ್ತಲೂ ಇತ್ತು.

ಸಾಲೋಟಗಿಯ ಆ 27 ಮನೆಗಳ ಹುಡುಗರೂ ಒಂದು ಬಗೆಯ ವ್ರತಸ್ಥರೇ. ಬ್ರಹ್ಮಚರ್ಯವೆಂದರೆ ಬರೀ ಮದುವೆಯಾಗದಿರುವುದು ಎಂದು ಇವತ್ತು ತಿಳಿಯುತ್ತೇವೆ. ಅದರಲ್ಲಿ ನೆಲದ ಮೇಲೆ ಮಲಗುವುದು, ಗುರುವಿನ ಮನೆಯ ಕೆಲಸ, ಭಿಕ್ಷೆ ಬೇಡಿ ತಂದು ಗುರುವಿಗೆ ಒಪ್ಪಿಸಿ ಉಣ್ಣುವುದು, ಗಂಧ ಹೂವು ಅಲಂಕಾರ ಬಿಡುವುದು ಎಲ್ಲ ಸೇರಿತ್ತು. ನಾಲ್ಕು ಆಶ್ರಮಗಳಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಇಷ್ಟೊಂದು ಹೋಲಿಕೆ. ಎರಡರಲ್ಲೂ ಕೈಯಲ್ಲಿ ದಂಡ, ಎರಡರಲ್ಲೂ ಭಿಕ್ಷೆ. ಒಂದು ವ್ಯತ್ಯಾಸ ಮಾತ್ರ ನನಗೆ ಬಹಳ ಪ್ರಿಯವಾದದ್ದು. ಆಪಸ್ತಂಬ, ಬೌಧಾಯನ ಧರ್ಮಸೂತ್ರಗಳಲ್ಲಿ ಒಂದು ಊಟದ ಲೆಕ್ಕ ಬರುತ್ತದೆ. ಸನ್ಯಾಸಿಗೆ 8 ತುತ್ತು, ವಾನಪ್ರಸ್ಥನಿಗೆ 16, ಗೃಹಸ್ಥನಿಗೆ 32. ಬ್ರಹ್ಮಚಾರಿಗೆ ಮಿತಿಯೇ ಇಲ್ಲ. ಬೆಳೆಯುವ ಮೈ, ಓದುವ ತಲೆ, ಹೊಟ್ಟೆತುಂಬ ಉಣ್ಣಲಿ ಎಂದು ವ್ರತನಿಯಮ ಬರೆದವರೇ ಹೇಳಿಬಿಟ್ಟರು. ಸಾಲೋಟಗಿಯ 500 ನಿವರ್ತನ ಯಾಕೆ ಬೇಕಾಯಿತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ.

ಊಟದ ಮಾತು ಬಂದದ್ದರಿಂದ ಅಲ್ಲೇ ಸ್ವಲ್ಪ ನಿಲ್ಲೋಣ. ಹಳೆಯ ಕಾಲದ ಯಾವುದೇ ವಿರಕ್ತ ಪಂಥವನ್ನು ಅರಿಯಬೇಕಾದರೆ ಆ ಪಂಥದವರು ಏನು ನಂಬುತ್ತಿದ್ದರು ಎನ್ನುವುದಕ್ಕಿಂತ ಹೇಗೆ ಉಣ್ಣುತ್ತಿದ್ದರು ಎಂದು ಕೇಳುವುದು ಒಳ್ಳೆಯ ದಾರಿ.

ಮನುಸ್ಮೃತಿ ಸನ್ಯಾಸಿಗೆ ಭಿಕ್ಷೆಯ ಹೊತ್ತನ್ನು ಗೊತ್ತುಮಾಡುತ್ತದೆ. ಅಡುಗೆಮನೆಯ ಹೊಗೆ ನಿಂತಿರಬೇಕು, ಒನಕೆಯ ಸದ್ದು ಅಡಗಿರಬೇಕು, ಕೆಂಡ ಆರಿರಬೇಕು, ಮನೆಮಂದಿಯೆಲ್ಲ ಉಂಡು ಮುಗಿಸಿರಬೇಕು. ಆಮೇಲೆ ಅವನು ಬಾಗಿಲಿಗೆ ಬರಬೇಕು. ಅದೂ ದಿನಕ್ಕೆ ಒಂದೇ ಸಲ. ಸಿಗದಿದ್ದರೆ ಕೊರಗಬಾರದು, ಸಿಕ್ಕರೆ ಹಿಗ್ಗಬಾರದು. ವಸಿಷ್ಠ ಧರ್ಮಸೂತ್ರ ಏಳು ಮನೆ ಎನ್ನುತ್ತದೆ, ಅದೂ ಮೊದಲೇ ಗೊತ್ತುಮಾಡಿಕೊಳ್ಳದ ಏಳು ಮನೆ. ಚೆನ್ನಾಗಿ ಬಡಿಸುವ ಮನೆ ನೋಡಿಕೊಂಡು ಹೋಗುವ ಹಾಗಿಲ್ಲ. ಈ ನಿಯಮಗಳನ್ನು ಸನ್ಯಾಸಿಯ ನಾಲಿಗೆ ಕಟ್ಟಲು ಮಾಡಿದ್ದು ಎಂದು ವ್ಯಾಖ್ಯಾನಿಸುವುದು ವಾಡಿಕೆ. ನನಗೆ ಇವು ಮನೆಯನ್ನು ಕಾಯುವ ನಿಯಮಗಳಾಗಿ ಕಾಣುತ್ತವೆ. ಮನೆಯಲ್ಲಿ ಮಕ್ಕಳು ಉಣ್ಣುವ ಮೊದಲು, ಅಡುಗೆ ಮಾಡಿದ ಹೆಣ್ಣುಮಗಳು ಉಣ್ಣುವ ಮೊದಲು ಯತಿ ಬಂದು ನಿಂತರೆ ಇಲ್ಲವೆನ್ನಲಾಗದೆ ತಮ್ಮ ಪಾಲನ್ನೇ ಎತ್ತಿಕೊಡುತ್ತಾರೆ. ಹಾಗಾಗಬಾರದೆಂದು ಶಾಸ್ತ್ರ ಮೊದಲೇ ತಡೆಯಿತು.

ಜೈನ ದಿಗಂಬರ ಮುನಿಗಳ ಆಹಾರಚರ್ಯೆಯನ್ನು ಇವತ್ತಿಗೂ ಕಣ್ಣಾರೆ ಕಾಣಬಹುದು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಮುನಿಗಳ ವಿಹಾರ ಬಂದಾಗ ಶ್ರಾವಕರು ಬೆಳಿಗ್ಗೆ ಶುಚಿಯಾಗಿ, ಕಲಶ ಹಿಡಿದು ಬಾಗಿಲಲ್ಲಿ ನಿಂತು ಆಹ್ವಾನಿಸುತ್ತಾರೆ. ಮುನಿ ಮನಸ್ಸಿನಲ್ಲೇ ಒಂದು ನಿಯಮ ಹಿಡಿದು ಹೊರಟಿರುತ್ತಾರೆ. ಇಂಥ ಗುರುತು ಕಂಡ ಮನೆಯಲ್ಲಿ ಮಾತ್ರ ನಿಲ್ಲುತ್ತೇನೆ, ಕಾಣದಿದ್ದರೆ ಇವತ್ತು ಉಪವಾಸ ಎಂದು. ಆ ನಿಯಮ ಯಾವುದೆಂದು ಯಾರಿಗೂ ಹೇಳುವುದಿಲ್ಲ. ನಿಂತರೆ, ನಿಂತ ನಿಲುವಿನಲ್ಲೇ, ಬೊಗಸೆಯನ್ನೇ ಪಾತ್ರೆ ಮಾಡಿ ಉಣ್ಣುತ್ತಾರೆ. ದಿನಕ್ಕೆ ಒಂದೇ ಸಲ, ನೀರೂ ಆಗಲೇ. ತುತ್ತಿನಲ್ಲಿ ಕೂದಲೆಳೆಯೋ ಹುಳವೋ ಕಂಡರೆ ಅಂತರಾಯವೆಂದು ಅಲ್ಲಿಗೇ ಕೈಬಿಡುತ್ತಾರೆ. ತಮಗೆಂದೇ ಮಾಡಿದ ಅಡುಗೆಯನ್ನು ಒಪ್ಪಬಾರದೆಂಬ ನಿಯಮವೂ ಇದೆ. ದುಂಬಿ ಹೂವನ್ನು ನೋಯಿಸದೆ ಮಕರಂದ ತೆಗೆದುಕೊಳ್ಳುವಂತೆ ಮನೆಯಿಂದ ತುತ್ತು ತೆಗೆದುಕೊಳ್ಳಬೇಕೆಂದು ಜೈನರೂ ಬೌದ್ಧರೂ ಹೇಳಿದರು.

ಬೌದ್ಧ ಭಿಕ್ಷುಗಳಿಗೆ ಪಾತ್ರೆ ಉಂಟು, ಮಧ್ಯಾಹ್ನ ದಾಟಿದ ಮೇಲೆ ಊಟವಿಲ್ಲ. ಬುದ್ಧ ಸ್ವತಃ ಆರು ವರ್ಷ ಉಗ್ರ ಉಪವಾಸ ಮಾಡಿ, ಮೂಳೆ ಚಕ್ಕಳವಾಗಿ, ಇದರಿಂದ ಏನೂ ದಕ್ಕದು ಎಂದು ಕಂಡುಕೊಂಡು ಅನ್ನ ಮುಟ್ಟಿದವನು. ದೇಹವನ್ನು ದಂಡಿಸುವುದಕ್ಕೂ ಮೆರೆಸುವುದಕ್ಕೂ ನಡುವೆ ದಾರಿ ಹಾಕಿದ. ಮಳೆಗಾಲದಲ್ಲಿ ಒಂದೇ ಕಡೆ ನಿಲ್ಲಬೇಕೆಂಬ ವರ್ಷಾವಾಸದ ನಿಯಮ ಹೇಗೆ ಬಂತು ಎಂದು ವಿನಯಪಿಟಕದಲ್ಲಿ ಕಥೆಯಿದೆ. ಭಿಕ್ಷುಗಳು ಮಳೆಗಾಲದಲ್ಲೂ ತಿರುಗಾಡುತ್ತ ಹಸಿರು ಹುಲ್ಲು ತುಳಿಯುತ್ತಾರೆ, ಸಣ್ಣಪುಟ್ಟ ಜೀವಿಗಳನ್ನು ಕೊಲ್ಲುತ್ತಾರೆ ಎಂದು ಜನ ದೂರಿದರಂತೆ. ಆಗ ಬುದ್ಧ ನಿಯಮ ಮಾಡಿದ. ಜನರ ದೂರಿಗೆ ಓಗೊಟ್ಟು ಒಂದು ಸಂಘ ತನ್ನ ನಡೆಯನ್ನೇ ತಿದ್ದಿಕೊಂಡಿತು. ಇವತ್ತು ಹಲವು ಪಂಥಗಳ ಯತಿಗಳು ಚಾತುರ್ಮಾಸ್ಯ ಹಿಡಿಯುತ್ತಾರೆ.

ಈ ಪಂಥಗಳು ಎಲ್ಲೋ ಮಗಧದಲ್ಲಿ, ಗಂಗೆಯ ಬಯಲಿನಲ್ಲಿ ಹುಟ್ಟಿದವು, ನಮಗೂ ಅವಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಇಂಡಿ, ಸಿಂದಗಿಯ ಅಂಚಿನಲ್ಲಿ ಹರಿಯುವ ಭೀಮೆಯ ಗುಂಟ ಕೆಳಗೆ ಹೋಗಿ. ಕಲಬುರಗಿ ಜಿಲ್ಲೆಯ ಸನ್ನತಿ ಸಿಗುತ್ತದೆ. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ದೇವಿಯ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ಎರಡೂ ಮೈಯಲ್ಲಿ ಬ್ರಾಹ್ಮಿ ಅಕ್ಷರ! ಅಶೋಕನ ಶಾಸನ. ವಿಗ್ರಹ ಕೂರಿಸಲು ಯಾರೋ ನಡುವೆ ತೂತು ಕೊರೆದಿದ್ದರು. ಹತ್ತಿರದ ಕನಗನಹಳ್ಳಿಯಲ್ಲಿ ಮುಂದೆ ದೊಡ್ಡ ಸ್ತೂಪವೇ ಹೊರಬಂತು. ಸನ್ನತಿಯ ಆ ಕಲ್ಲಿನಲ್ಲಿ ಉಳಿದಿರುವುದರಲ್ಲಿ ಅಶೋಕನ 12ನೆಯ ಶಿಲಾಶಾಸನದ ಭಾಗವೂ ಸೇರಿದೆ. ಅದರ ವಿಷಯ ಪಂಥಪಂಥಗಳ ಸಂಬಂಧ. ಎಲ್ಲ ಪಂಥಗಳ ಪ್ರವ್ರಜಿತರನ್ನೂ ಗೃಹಸ್ಥರನ್ನೂ ಅರಸ ಗೌರವಿಸುತ್ತಾನೆ, ದಾನಕ್ಕಿಂತಲೂ ಪ್ರತಿಯೊಂದು ಪಂಥದ ಸಾರ ಬೆಳೆಯುವುದು ಮುಖ್ಯ, ಅದಕ್ಕೆ ಬೇಕಾದದ್ದು ಮಾತಿನ ಸಂಯಮ, ತನ್ನ ಪಂಥವನ್ನು ಹೊಗಳಿಕೊಂಡು ಪರರದ್ದನ್ನು ಹಳಿಯಬಾರದು ಎಂದು ಅದು ಹೇಳುತ್ತದೆ. ಮೌನ, ಉಪವಾಸ, ಬೆತ್ತಲೆಗಿಂತ ಕಷ್ಟದ ತಪಸ್ಸು ಈ ನಾಲಿಗೆಯ ಸಂಯಮ. ಭೀಮಾತೀರದ ಜನ ಅದನ್ನು ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಕೇಳಿದ್ದರು.

ವೈದಿಕರಲ್ಲಿ ಮೊದಲು ತ್ಯಾಗಕ್ಕೆ ಅಷ್ಟು ಜಾಗವಿರಲಿಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಉದ್ದಗೂದಲ ಕೇಶಿ ಎಂಬ ಮುನಿಯ ಸೂಕ್ತವೊಂದಿದೆ. ಗಾಳಿಯನ್ನೇ ಉಟ್ಟ ಮುನಿಗಳು ಅದರಲ್ಲಿ ಬರುತ್ತಾರೆ. ಆದರೆ ಯಜ್ಞ, ಸಂತಾನ, ಪಿತೃಋಣ ಇವೇ ಆ ಬಾಳಿನ ಕಂಬಗಳು. ಬೌಧಾಯನ ಧರ್ಮಸೂತ್ರವು ಗೃಹಸ್ಥಾಶ್ರಮ ಒಂದೇ ನಿಜವಾದ ಆಶ್ರಮ, ಬೇರೆಯವುಗಳಲ್ಲಿ ಸಂತಾನವಿಲ್ಲವಲ್ಲ ಎಂಬ ವಾದವನ್ನು ಮುಂದಿಡುತ್ತದೆ. ಬೃಹದಾರಣ್ಯಕ ಉಪನಿಷತ್ತಿನ ಹೊತ್ತಿಗೆ ಮಕ್ಕಳ ಆಸೆ, ಹಣದ ಆಸೆ, ಲೋಕದ ಆಸೆ ಬಿಟ್ಟು ಭಿಕ್ಷೆಗೆ ಹೊರಡುವವರು ಕಾಣಿಸಿಕೊಂಡರು. ಜಾಬಾಲ ಉಪನಿಷತ್ತು ಇನ್ನೂ ಮುಂದೆ ಹೋಗಿ, ವೈರಾಗ್ಯ ಹುಟ್ಟಿದ ದಿನವೇ ಹೊರಡಬಹುದು ಎಂದಿತು. ಈ ಎರಡು ದನಿಗಳ ಜಗಳ ಇವತ್ತಿಗೂ ಮುಗಿದಿಲ್ಲ. ಮನೆಯಲ್ಲಿ ಮಗ ಮಠಕ್ಕೆ ಹೋಗುತ್ತೇನೆ ಎಂದಾಗ ತಾಯಿ ಹಾಕುವ ಕಣ್ಣೀರಿನಲ್ಲಿ ಬೌಧಾಯನನ ವಾದ ಇನ್ನೂ ಕೇಳಿಸುತ್ತದೆ.

ಶೈವರಲ್ಲಿ ಪಾಶುಪತರದ್ದು ಅತಿ ವಿಚಿತ್ರವಾದ ವ್ರತ. ಗುಜರಾತಿನ ಕಾಯಾವರೋಹಣದಲ್ಲಿ ಲಕುಲೀಶನಿಂದ ಬೆಳೆದ ಪಂಥ ಇದು. ಮೊದಲ ಹಂತದಲ್ಲಿ ಸಾಧಕ ದಿನಕ್ಕೆ ಮೂರು ಸಲ ಬೂದಿಯಲ್ಲಿ ಮೀಯಬೇಕು, ಬೂದಿಯ ಮೇಲೇ ಮಲಗಬೇಕು, ಗುಡಿಯಲ್ಲಿ ಹಾಡಿ ಕುಣಿದು ನಕ್ಕು ಶಿವನನ್ನು ಒಲಿಸಬೇಕು. ಎರಡನೆಯ ಹಂತದಲ್ಲಿ ಗುರುತುಗಳನ್ನೆಲ್ಲ ಅಡಗಿಸಿಕೊಂಡು ಊರೊಳಗೆ ಬಂದು ಹುಚ್ಚನಂತೆ ನಡೆಯಬೇಕು. ಎಚ್ಚರವಿದ್ದೂ ಗೊರಕೆ ಹೊಡೆಯಬೇಕು, ಮೈ ನಡುಗಿಸಬೇಕು, ಕುಂಟಬೇಕು. ನೋಡಿದವರು ಬೈಯಬೇಕು, ಹೊಡೆಯಬೇಕು. ಬೈದವರ ಪುಣ್ಯ ಇವನಿಗೆ ಬರುತ್ತದೆ, ಇವನ ಪಾಪ ಅವರಿಗೆ ಹೋಗುತ್ತದೆ ಎಂಬುದು ಲೆಕ್ಕ. ಮಾನವನ್ನೇ ಸುಟ್ಟುಕೊಳ್ಳುವ ತಪಸ್ಸು ಇದು. ಮುಂದಿನ ಹಂತಗಳಲ್ಲಿ ಅವನು ಗುಹೆಗೂ ಮಸಣಕ್ಕೂ ಸರಿಯುತ್ತಾನೆ, ಆದರೆ ನಡುವಿನ ಈ ಹಂತ ಊರಿಲ್ಲದೆ ಸಾಗದು. ಬೈಸಿಕೊಳ್ಳಲಿಕ್ಕೂ ಜನ ಬೇಕು.

ಇದೇ ಲಾಕುಳ ಮೂಲದಿಂದ ಬಂದ ಕಾಳಾಮುಖರು ಹತ್ತರಿಂದ ಹನ್ನೆರಡನೆಯ ಶತಮಾನದವರೆಗೆ ಕನ್ನಡ ನಾಡಿನಲ್ಲಿ ಕಟ್ಟಿದ್ದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಹುಚ್ಚನಂತೆ ನಟಿಸಬೇಕೆಂದ ಪರಂಪರೆಯ ಕೊಂಬೆಯೊಂದು ನಾಡಿನ ಅತಿ ಶಿಸ್ತಿನ ವಿದ್ಯಾಮಠಗಳನ್ನು ನಡೆಸಿತು. 1074-75ರಲ್ಲಿ ಚಾಲುಕ್ಯರ ಎರಡನೆಯ ಸೋಮೇಶ್ವರನ ಕಾಲದಲ್ಲಿ ದಂಡನಾಯಕ ನಾಕಿಮಯ್ಯ ವಿಜಯಪುರದಲ್ಲಿ ಸ್ವಯಂಭು ಸಿದ್ಧೇಶ್ವರನ ಗುಡಿ ಕಟ್ಟಿಸಿ ಯೋಗೇಶ್ವರ ಪಂಡಿತರೆಂಬ ಕಾಳಾಮುಖ ಆಚಾರ್ಯರಿಗೆ ಭೂಮಿ ಬಿಟ್ಟ. ಮೂವರಕೋಣೆಯ ಸಂತತಿ, ಪರ್ವತಾವಳಿ ಎಂದು ಆ ಗುರುಪರಂಪರೆಯ ಗುರುತು. ಪರ್ವತವೆಂದರೆ ಶ್ರೀಶೈಲ. ಯುಗಾದಿಯ ಮುಂಚೆ ನಮ್ಮ ಊರುಗಳಿಂದ ಕಂಬಿ ಹೊತ್ತು ಮಲ್ಲಯ್ಯನ ಕಡೆ ನಡೆಯುವ ಜನ ಇವತ್ತಿಗೂ ಆ ದಾರಿಯನ್ನು ಬಿಟ್ಟಿಲ್ಲ.

ಕಾಳಾಮುಖರ ದೊಡ್ಡ ನೆಲೆ ಶಿಕಾರಿಪುರದ ಬಳಿಯ ಬಳ್ಳಿಗಾವೆಯ ಕೋಡಿಯಮಠ. ಅಲ್ಲಿನ 1162ರ ಶಾಸನ ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂದು ಉದ್ದಕ್ಕೆ ಹೇಳುತ್ತದೆ. ನಾಲ್ಕು ವೇದ, ಪಾಣಿನಿ ಮೊದಲಾದವರ ವ್ಯಾಕರಣ, ಆರು ದರ್ಶನ, ಪತಂಜಲಿಯ ಯೋಗ, ಪುರಾಣ, ಕಾವ್ಯ, ನಾಟಕ ಎಲ್ಲದರ ಓದು. ಬಡವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ಕುಣಿಯುವವರಿಗೆ ಅನ್ನ. ಅನಾಥ ರೋಗಿಗಳಿಗೆ ಮದ್ದು. ಆ ಪಟ್ಟಿಯಲ್ಲಿ ಅನ್ನ ಪಡೆಯುವ ಯತಿಗಳ ಹೆಸರು ನೋಡಬೇಕು. ಕ್ಷಪಣಕ ಎಂದರೆ ಜೈನ ಮುನಿ. ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸ. ಶೈವ ಮಠದ ಪಂಕ್ತಿಯಲ್ಲಿ ಜೈನನಿಗೂ ವೇದಾಂತಿಗೂ ವೈಷ್ಣವನಿಗೂ ಎಡೆಯಿತ್ತು. ಸಿದ್ಧಾಂತದಲ್ಲಿ ಇವರೆಲ್ಲ ಒಬ್ಬರನ್ನೊಬ್ಬರು ವಾದಕ್ಕೆ ಕರೆದವರೇ. ಹಸಿವಿನ ಹೊತ್ತಿಗೆ ಆ ವಾದ ಬಾಗಿಲಾಚೆ ಉಳಿಯಿತು. ಪ್ರಾಚೀನ ಭಾರತದ ತಪಸ್ವಿ ಪಂಥಗಳ ಹಾಜರಿ ಪುಸ್ತಕವೆಂದು ಒಂದೇ ಶಾಸನವನ್ನು ತೋರಿಸು ಎಂದರೆ ನಾನು ಇದನ್ನೇ ತೋರಿಸುತ್ತೇನೆ.

ಸಾಲೋಟಗಿಯ ಕಾಲಕ್ಕೆ ಮರಳಿ ಬರುತ್ತೇನೆ. ಶಾಲೆಗೆ ದತ್ತಿ ಬಿದ್ದದ್ದು 945ರಲ್ಲಿ. ಅದಕ್ಕೆ ನಾಲ್ಕು ವರ್ಷ ಮುಂಚೆ, 941ರಲ್ಲಿ, ಪಂಪ ಆದಿಪುರಾಣ ಬರೆದ. ನೀಲಾಂಜನೆಯ ನಾಟ್ಯದ ನಡುವೆ ಆಕೆಯ ಆಯುಷ್ಯ ತೀರಿದ್ದನ್ನು ಕಂಡು ಆದಿದೇವ ರಾಜ್ಯ ಬಿಡುತ್ತಾನೆ, ಗೆದ್ದ ಮೇಲೆ ಬಾಹುಬಲಿ ಬಿಡುತ್ತಾನೆ. ಕಾವ್ಯದಲ್ಲಿ ಮಾತ್ರ ಹೀಗಾಯಿತೆಂದು ತಿಳಿಯಬೇಡಿ. ಮೂರನೆಯ ಕೃಷ್ಣನ ಮೊಮ್ಮಗ ನಾಲ್ಕನೆಯ ಇಂದ್ರ, ರಾಜ್ಯ ಕೈಬಿಟ್ಟ ಮೇಲೆ, 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ ಹಿಡಿದು ಪ್ರಾಣ ಬಿಟ್ಟ. ಸಾಲೋಟಗಿಯ ಶಾಲೆಗೆ ದತ್ತಿ ಬಿದ್ದಾಗ ಆಳುತ್ತಿದ್ದವನ ಮೊಮ್ಮಗ ಅನ್ನವನ್ನೇ ಬಿಟ್ಟು ಹೋದ. ಅಷ್ಟು ದೊಡ್ಡ ಸಾಮ್ರಾಜ್ಯದ ಕಥೆ ಹೀಗೆ ಮುಗಿಯಿತು.

ಇಷ್ಟೆಲ್ಲ ಗೌರವದಿಂದ ಹೇಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳಲೇಬೇಕು. ಸಾಲೋಟಗಿಯ 27 ಮನೆಗಳಲ್ಲಿ ಇದ್ದವರು ಬ್ರಾಹ್ಮಣ ವಿದ್ಯಾರ್ಥಿಗಳು. ಆ 500 ನಿವರ್ತನ ಉತ್ತವರ, ಬಿತ್ತಿದವರ, ದೀಪದ ಎಣ್ಣೆಗೆ ಗಾಣ ತಿರುಗಿಸಿದವರ ಮಕ್ಕಳಿಗೆ ಅಲ್ಲಿ ಪಾಠವಿರಲಿಲ್ಲ. ಹೆಣ್ಣುಮಕ್ಕಳ ಸುದ್ದಿಯೇ ಕಂಬದಲ್ಲಿಲ್ಲ. ಬೌದ್ಧ, ಜೈನ ಸಂಘಗಳು ಭಿಕ್ಷುಣಿಯರಿಗೆ, ಕಂತಿಯರಿಗೆ ಜಾಗ ಕೊಟ್ಟವು ನಿಜ, ಆದರೆ ಅಲ್ಲೂ ಅವರು ಒಂದು ಮೆಟ್ಟಿಲು ಕೆಳಗೇ ನಿಂತರು. ದುಡಿಮೆ ಒಬ್ಬರದು, ತಪಸ್ಸಿನ ಪುಣ್ಯ ಮತ್ತೊಬ್ಬರದು ಎಂಬ ಈ ಏರ್ಪಾಟನ್ನು ಪ್ರಶ್ನಿಸಿದ ಬಸವಣ್ಣ ಇದೇ ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿಯಲ್ಲಿ ಹುಟ್ಟಿದ.

ಹನ್ನೆರಡನೆಯ ಶತಮಾನದ ಶರಣರು ತಪಸ್ಸನ್ನು ಕೈಬಿಡಲಿಲ್ಲ. ಅದನ್ನು ಕಾಡಿನಿಂದಲೂ ಮಠದಿಂದಲೂ ಬಿಡಿಸಿ ದುಡಿಯುವ ಕೈಗೆ ಕೊಟ್ಟರು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆ ಎಲ್ಲರಿಗೂ ಗೊತ್ತು. ಮಾರಯ್ಯನ ಕಾಯಕ ಚೆಲ್ಲಿದ ಅಕ್ಕಿ ಆಯ್ದು ತರುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ನೋಡಿ, ಇದು ನಮ್ಮ ಅಗತ್ಯಕ್ಕೆ ಮೀರಿದ್ದು, ಹೆಚ್ಚಿನದನ್ನು ತಂದಲ್ಲೇ ಸುರಿದು ಬನ್ನಿ ಎಂದಳು. ಜೈನ ಮುನಿಯ ಅಪರಿಗ್ರಹಕ್ಕೂ ಈ ಹೆಣ್ಣುಮಗಳ ಅಪರಿಗ್ರಹಕ್ಕೂ ಯಾವ ವ್ಯತ್ಯಾಸ? ಇವಳು ಒಲೆ ಹೊತ್ತಿಸಿಕೊಂಡೇ ಅದನ್ನು ನಡೆಸಿದಳು. ಸನ್ಯಾಸಿಗೆ ಹೊಗೆ ಆರಿದ ಮೇಲೆ ಬಾ ಎಂದಿತ್ತು ಶಾಸ್ತ್ರ. ಲಕ್ಕಮ್ಮನ ತಪಸ್ಸು ಆ ಹೊಗೆಯ ನಡುವೆಯೇ ಇತ್ತು.

ಭೀಮೆಯ ಆಚೆ, ಈಗ ಮಹಾರಾಷ್ಟ್ರಕ್ಕೆ ಸೇರಿದ ಸೊಲ್ಲಾಪುರದ ಸಿದ್ಧರಾಮ ಕೆರೆ ಕಟ್ಟಿಸಿದ ಶಿವಯೋಗಿ. ಇಂಡಿ ಭಾಗದ ಜನಕ್ಕೆ ಅವನು ಪರನಾಡಿನವನೆಂದು ಎಂದೂ ಅನಿಸಿಲ್ಲ. ಮಳೆ ಕಾಣದ ಈ ಎರೆನೆಲದಲ್ಲಿ ಯೋಗಿಗೆ ಜನ ಒಪ್ಪಿಸಿದ ಕೆಲಸ ನೀರಿನದು. ಸಾಲೋಟಗಿಯಲ್ಲೂ ಇವತ್ತು ಜನ ನಡೆದುಕೊಳ್ಳುವುದು ಶಿವಯೋಗೀಶ್ವರನಿಗೆ. ತ್ರೈಪುರುಷರ ಶಾಲೆ ಇದ್ದ ಊರಿನಲ್ಲಿ ಕೊನೆಗೆ ಉಳಿದ ದೇವರ ಹೆಸರಿನಲ್ಲೂ ಒಬ್ಬ ಯೋಗಿಯಿದ್ದಾನೆ.

ಈ ಎರಡು ಎಳೆಗಳು, ಶಾಲೆಯ ದತ್ತಿ ಮತ್ತು ಶರಣರ ದಾಸೋಹ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ಕಡೆ ಮತ್ತೆ ಕೂಡಿಕೊಂಡವು. 1909ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಬಾದಾಮಿ ಬಳಿ ಮಲಪ್ರಭೆಯ ದಂಡೆಗೆ ಶಿವಯೋಗಮಂದಿರ ಕಟ್ಟಿದರು. ಮಠಾಧಿಪತಿಯಾಗುವವನಿಗೆ ಓದು, ಯೋಗ, ಶಿಸ್ತು ಬೇಕು ಎಂಬುದು ಅವರ ಹಟ. 1910ರಲ್ಲಿ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ ಅಡಿಗಲ್ಲು ಹಾಕಿದರು. ಹಳಕಟ್ಟಿಯವರು ಗೃಹಸ್ಥರು, ವಕೀಲರು. ವಚನದ ಓಲೆಗಳಿಗಾಗಿ ಊರೂರು ಅಲೆದರು, 1923ರಲ್ಲಿ ವಚನಶಾಸ್ತ್ರಸಾರ ಹೊರತಂದರು, ಮನೆ ಮಾರಿ ಅಚ್ಚುಕೂಟ ಹಾಕಿದರು. ಕಾವಿ ಉಡದ ವಿರಕ್ತರೆಂದು ನಾನು ಮೊದಲು ಹೆಸರಿಸುವುದು ಅವರನ್ನೇ. ಮುಂದೆ ಅದೇ ಸಂಸ್ಥೆಯ ಹೊಣೆ ಹೊತ್ತವರು ಇಂಡಿ ತಾಲ್ಲೂಕಿನ ಬಂಥನಾಳದ ಸಂಗನಬಸವ ಶಿವಯೋಗಿಗಳು. ಮಠದ ಹುಡುಗರು ಜೋಳಿಗೆ ಹಿಡಿದು ಮನೆಮನೆಗೆ ಕಂತಿಭಿಕ್ಷೆಗೆ ಹೋಗಿ, ತಂದ ರೊಟ್ಟಿ ಪಲ್ಯ ಹಂಚಿಕೊಂಡು ಉಂಡು ಓದಿದ ನೆನಪು ನಮ್ಮ ಹಿರಿಯರಲ್ಲಿ ಇನ್ನೂ ಹಸಿರಾಗಿದೆ. ಈ ಸಲ ಆ ಹುಡುಗರಲ್ಲಿ ಉಳುವವರ ಮಕ್ಕಳೂ ಇದ್ದರು. ಹೈದರಾಬಾದ್ ಕರ್ನಾಟಕ, ಮುಂಬೈ ಕರ್ನಾಟಕದ ಎಷ್ಟೋ ಮಾಸ್ತರರು, ಡಾಕ್ಟರರು, ಅಧಿಕಾರಿಗಳು ಪ್ರಸಾದ ನಿಲಯದ ಅನ್ನದಿಂದ ಬಂದವರು.

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ದೇಹ ಬಿಟ್ಟಾಗ ಈ ಜಿಲ್ಲೆಯ ರಸ್ತೆಗಳಲ್ಲಿ ಸೇರಿದ ಜನಸಾಗರವನ್ನು ಕಂಡವರು ಮರೆಯಲಾರರು. ಅವರ ಬಿಳಿ ಅಂಗಿಗೆ ಜೇಬು ಇರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದರು. 2014ರಲ್ಲೇ ಬರೆದಿಟ್ಟ ಅಂತಿಮ ಪತ್ರದಲ್ಲಿ ತಮ್ಮ ದೇಹವನ್ನು ಮಣ್ಣಿಗಿಡದೆ ಅಗ್ನಿಗೆ ಕೊಡಬೇಕು, ಬೂದಿಯನ್ನು ನೀರಿಗೆ ಬಿಡಬೇಕು, ಯಾವ ಸ್ಮಾರಕವನ್ನೂ ಕಟ್ಟಬಾರದು ಎಂದು ಹೇಳಿದ್ದರು. ಹಾಗೆಯೇ ಆಯಿತು. ಗದ್ದುಗೆ ಕಟ್ಟಿ ಪೂಜಿಸುವ ಪದ್ಧತಿ ಬೇರೂರಿದ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಗದ್ದುಗೆ ಎದ್ದರೆ ಅದರ ಸುತ್ತ ಕಾಣಿಕೆ, ಕಾಣಿಕೆಯ ಸುತ್ತ ಹಕ್ಕು, ಹಕ್ಕಿನ ಸುತ್ತ ಕೋರ್ಟು ಕಚೇರಿ ಬೆಳೆಯುತ್ತವೆ ಎಂದು ಅವರಿಗೆ ಗೊತ್ತಿತ್ತು.

ಆದರೆ ಎಲ್ಲರೂ ಜೇಬಿಲ್ಲದ ಅಂಗಿ ತೊಡಲಾರರು, ತೊಡಬೇಕಾಗಿಯೂ ಇಲ್ಲ. ಮಠಗಳು ಕಾಲೇಜು, ಆಸ್ಪತ್ರೆ, ವಸತಿನಿಲಯ ನಡೆಸುತ್ತವೆ. ಅವಕ್ಕೆ ಹಣ ಬೇಕು, ಭೂಮಿ ಬೇಕು, ಸರ್ಕಾರದ ಅನುದಾನವೂ ಬರುತ್ತದೆ. ಸಾಲೋಟಗಿಯ ಶಾಲೆಗೂ ಬೇಕಾಗಿತ್ತು. ವ್ಯತ್ಯಾಸ ಇರುವುದು ಒಂದರಲ್ಲಿ. ಆ ಕಾಲದವರು ಎಷ್ಟು ಬಂತು, ಯಾರಿಂದ ಬಂತು, ಗುರುವಿಗೆಷ್ಟು, ದೀಪಕ್ಕೆಷ್ಟು ಎಂದು ಎಲ್ಲರ ಎದುರಿಗೆ ಕಲ್ಲಿನಲ್ಲಿ ಬರೆಸಿಟ್ಟರು. ಇವತ್ತು ಭಕ್ತರ ಕಾಣಿಕೆ, ಶಾಲಾ ಶುಲ್ಕ, ಅನುದಾನ ಎಲ್ಲ ಸೇರಿ ಎಷ್ಟಾಯಿತು, ಎಲ್ಲಿಗೆ ಹೋಯಿತು ಎಂದು ಕೇಳುವುದನ್ನೇ ಅಪಚಾರವೆಂದು ತಿಳಿಯುವವರಿದ್ದಾರೆ. ಕೇಳುವುದು ಊರಿನ ಹಕ್ಕು. ಮದುವೆಗೆ 5 ನಾಣ್ಯ ಕೊಟ್ಟ ಪಾವಿಟ್ಟಗೆಯವನಿಗೆ ಆ ಹಣ ಎಲ್ಲಿ ಹೋಗುತ್ತದೆಂದು ಗೊತ್ತಿತ್ತು.

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಮಠಮಾನ್ಯಗಳಲ್ಲಿ, ಧಾರ್ಮಿಕ ಟ್ರಸ್ಟುಗಳಲ್ಲಿ ನನ್ನ ಬೇಡಿಕೆ ಇಷ್ಟು: ಪ್ರತಿ ವರ್ಷ ಜಾತ್ರೆಯ ದಿನ, ತೇರು ಎಳೆಯುವ ಮುನ್ನ, ಆ ವರ್ಷದ ಜಮಾಖರ್ಚನ್ನು ಮಹಾದ್ವಾರದ ಪಕ್ಕ ದೊಡ್ಡ ಅಕ್ಷರದಲ್ಲಿ ಬರೆದು ಹಚ್ಚಿರಿ. ಎಷ್ಟು ಮಕ್ಕಳಿಗೆ ಊಟ ಹಾಕಿದಿರಿ, ಅದರಲ್ಲಿ ಎಷ್ಟು ಹೆಣ್ಣುಮಕ್ಕಳು ಎಂಬುದನ್ನೂ ಬರೆಯಿರಿ. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಇದೇ ಮಣ್ಣಿನಲ್ಲಿ 945ರ ಮಾದರಿಯಿದೆ.